ಕಣ್ಣು ಮೊದಲು, ಕಾಸು ಆಮೇಲೆ

ಪಿಯುಸಿ ಫಲಿತಾಂಶ ಬಂದ ವಾರ ದಬ್ಬೇಘಟ್ಟದ ಮನೆಗಳಲ್ಲಿ ನಡೆಯುವ ಮಾತುಕತೆಯನ್ನು ಊಹಿಸುವುದು ಕಷ್ಟವಲ್ಲ. ಎಂಜಿನಿಯರಿಂಗ್ ಸೀಟು ಸಿಕ್ಕೀತೇ, ನರ್ಸಿಂಗ್ ಸೇರಿಸಬಹುದೇ, ಬಿ.ಕಾಂ. ಮಾಡಿಸಿ ಬ್ಯಾಂಕ್ ಪರೀಕ್ಷೆ ಬರೆಸಿದರೆ ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹೇಳುವವರು ಊರ ತುಂಬ ಸಿಗುತ್ತಾರೆ. ಆದರೆ ಮನೆಯ ಮಗನೋ ಮಗಳೋ 'ಫೋಟೋಗ್ರಫಿ ಕಲಿಯುತ್ತೇನೆ, ಮುಂದೆ ಸಿನಿಮಾ ತೆಗೆಯುತ್ತೇನೆ' ಎಂದು ಬಾಯಿಬಿಟ್ಟರೆ ಜಗಲಿಯ ಮೇಲೆ ಮಾತು ನಿಂತುಹೋಗುತ್ತದೆ.

ಆ ಮೌನಕ್ಕೆ ಕಾರಣವಿದೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆಯ ಆಸ್ತಿಯೆಂದರೆ ತೆಂಗಿನ ತೋಟ. ಫೋಟೋಗ್ರಫಿ ಎಂದರೆ ತಂದೆಯ ಕಣ್ಣಿಗೆ ಬರುವುದು ಮದುವೆ ಮನೆಯಲ್ಲಿ ಊಟಕ್ಕೂ ಪುರುಸೊತ್ತಿಲ್ಲದೆ ಓಡಾಡುವ ಹುಡುಗ. ಸಿನಿಮಾ ಎಂದರೆ ಕಣ್ಣಿಗೆ ಬರುವುದು ಅಡವಿಟ್ಟ ತೋಟದ ಪತ್ರ. ಒಂದರಲ್ಲಿ ಹೊಟ್ಟೆ ತುಂಬುವುದಿಲ್ಲ, ಇನ್ನೊಂದರಲ್ಲಿ ಮನೆಯೇ ಉಳಿಯುವುದಿಲ್ಲ ಎಂಬ ಅಂಜಿಕೆ. ಈ ಅಂಜಿಕೆಯನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಹಾಗೆಂದು ಅದೇ ಕೊನೆಯ ಮಾತೂ ಅಲ್ಲ. ಕ್ಯಾಮೆರಾದಿಂದ ಹೊರಟು ಚಿತ್ರನಿರ್ಮಾಣದವರೆಗೆ ನಡೆದು ಗೆದ್ದವರು ನಮ್ಮ ನಾಡಿನಲ್ಲೇ ಇದ್ದಾರೆ. ಅವರು ಯಾವ ಮೆಟ್ಟಿಲಾದ ಮೇಲೆ ಯಾವ ಮೆಟ್ಟಿಲು ಹತ್ತಿದರು ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಒಟ್ಟಿಗೆ ಕುಳಿತು ನೋಡಬೇಕು.

ಎರಡು ಕೆಲಸ, ಎರಡು ಸ್ವಭಾವ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕಲಾ ಛಾಯಾಗ್ರಾಹಕ ಮತ್ತು ಚಿತ್ರನಿರ್ಮಾಪಕ ಎಂಬುವು ಒಂದೇ ಉದ್ಯೋಗದ ಎರಡು ಹೆಸರುಗಳಲ್ಲ. ಕಲಾ ಛಾಯಾಗ್ರಾಹಕ ಒಂಟಿಯಾಗಿ ಕೆಲಸ ಮಾಡುವವನು. ಗಿರಾಕಿ ಕೇಳಿದ್ದನ್ನಲ್ಲ, ತಾನು ಕಂಡದ್ದನ್ನು ತೆಗೆಯುತ್ತಾನೆ. ಪ್ರದರ್ಶನಕ್ಕೆ ಕಳಿಸುತ್ತಾನೆ, ಪುಸ್ತಕ ಮಾಡುತ್ತಾನೆ, ಸಹಿ ಹಾಕಿ ಎಣಿಸಿದಷ್ಟೇ ಪ್ರತಿಗಳನ್ನು ಮಾರುತ್ತಾನೆ. ಅವನ ಬಂಡವಾಳ ಕಣ್ಣು ಮತ್ತು ತಾಳ್ಮೆ. ನಿರ್ಮಾಪಕನದು ನೂರಾರು ಜನರನ್ನು ಕಟ್ಟಿಕೊಂಡು ಮಾಡುವ ಕೆಲಸ. ಕಥೆಯ ಹಕ್ಕು ಕೊಳ್ಳುವುದು, ಹಣ ಹೊಂದಿಸುವುದು, ಕರಾರು ಬರೆಯುವುದು, ದಿನಗಳನ್ನು ಲೆಕ್ಕ ಹಾಕುವುದು, ಕೊನೆಗೆ ಚಿತ್ರವನ್ನು ಜನರ ಮುಂದೆ ತರುವುದು ಅವನ ಹೊಣೆ. ಅವನ ಬಂಡವಾಳ ಲೆಕ್ಕಾಚಾರ ಮತ್ತು ಇತರರ ನಂಬಿಕೆ.

ಕಾನೂನು ಕೂಡ ಇಬ್ಬರನ್ನೂ ಬೇರೆಯಾಗಿಯೇ ಗುರುತಿಸುತ್ತದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಚಲನಚಿತ್ರದ ಕರ್ತೃ ಅದರ ನಿರ್ಮಾಪಕ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕು ತೆಗೆದವನ ಜೀವಮಾನ ಪೂರ್ತಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಆದರೆ ಹಣ ಪಡೆದು ಇನ್ನೊಬ್ಬರಿಗಾಗಿ ತೆಗೆದ ಚಿತ್ರದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟವರಿಗೆ ಸೇರುತ್ತದೆ. ಈ ಒಂದು ಸಂಗತಿ ತಿಳಿಯದೆ ತಮ್ಮ ಕೆಲಸದ ಮೇಲಿನ ಹಕ್ಕು ಕಳೆದುಕೊಳ್ಳುವ ಹುಡುಗರು ಇಂದಿಗೂ ಇದ್ದಾರೆ.

ಮಾಗಡಿಯ ಹುಡುಗ

ಈ ಎರಡೂ ಕೆಲಸಗಳನ್ನು ಒಂದೇ ಬಾಳಿನಲ್ಲಿ ಮಾಡಿ ತೋರಿಸಿದವರು ಬಿ.ಎಸ್. ರಂಗಾ. 1917ರಲ್ಲಿ ಮಾಗಡಿಯಲ್ಲಿ ಹುಟ್ಟಿದ ಅವರ ಪೂರ್ಣ ಹೆಸರು ಬಿಂಡಿಗನವಿಲೆ ಶ್ರೀನಿವಾಸ ಅಯ್ಯಂಗಾರ್ ರಂಗಾ. ಬಿಂಡಿಗನವಿಲೆ ಇರುವುದು ತುರುವೇಕೆರೆಯ ನೆರೆಯ ನಾಗಮಂಗಲ ತಾಲ್ಲೂಕಿನಲ್ಲಿ. ದಬ್ಬೇಘಟ್ಟದವರಿಗೆ ಇದು ದೂರದ ಕಥೆಯಲ್ಲ.

ರಂಗಾ ಆರಂಭಿಸಿದ್ದು ಸ್ಥಿರ ಛಾಯಾಚಿತ್ರದಿಂದ. ತಾರುಣ್ಯದಲ್ಲೇ ಅವರ ಚಿತ್ರಗಳು ಲಂಡನ್ನಿನ ಪ್ರದರ್ಶನಕ್ಕೆ ಆಯ್ಕೆಯಾದವು. ಆ ಕಾಲದಲ್ಲಿ ಇದರ ಅರ್ಥವೇನೆಂದು ಇಂದಿನ ಮೊಬೈಲ್ ಹುಡುಗರಿಗೆ ಹೇಳಬೇಕಾಗುತ್ತದೆ. ತೆಗೆದದ್ದು ಸರಿಯಾಗಿದೆಯೇ ಎಂದು ಅಲ್ಲೇ ನೋಡುವಂತಿರಲಿಲ್ಲ. ಬೆಳಕನ್ನು ಅಂದಾಜು ಮಾಡಿ, ಫಿಲಂ ಅಥವಾ ಪ್ಲೇಟಿನ ಮೇಲೆ ಹಿಡಿದು, ಕತ್ತಲೆ ಕೋಣೆಯಲ್ಲಿ ರಾಸಾಯನಿಕಗಳಲ್ಲಿ ಅದ್ದಿ, ಕಾಗದದ ಮೇಲೆ ಮುದ್ರಿಸಿ ಹಡಗಿನ ಅಂಚೆಗೆ ಹಾಕಬೇಕು. ತಿಂಗಳುಗಳ ನಂತರ ಗೊತ್ತಾಗುವುದು ಸ್ವೀಕಾರವೋ ತಿರಸ್ಕಾರವೋ ಎಂದು. ಒಂದೊಂದು ಚಿತ್ರಕ್ಕೂ ಕಾಸು ಖರ್ಚು. ಆದ್ದರಿಂದ ಗುಂಡಿ ಒತ್ತುವ ಮೊದಲೇ ಚಿತ್ರವನ್ನು ಮನಸ್ಸಿನಲ್ಲಿ ಕಾಣುವ ಅಭ್ಯಾಸ ತಾನಾಗಿ ಬರುತ್ತಿತ್ತು. ಆ ಅಭ್ಯಾಸವನ್ನು ಯಾವ ಕ್ಯಾಮೆರಾದ ಜೊತೆಗೂ ಉಚಿತವಾಗಿ ಕೊಡುವುದಿಲ್ಲ.

ಅಲ್ಲಿಂದ ರಂಗಾ ಚಲನಚಿತ್ರದ ಕ್ಯಾಮೆರಾ ಹಿಂದೆ ನಿಂತರು. ಮದರಾಸಿನ ಸ್ಟುಡಿಯೋಗಳಲ್ಲಿ ಬೇರೆಯವರ ಚಿತ್ರಗಳಿಗೆ, ಬೇರೆಯವರ ಹಣದಲ್ಲಿ, ಬೇರೆ ನಿರ್ದೇಶಕರ ಕೈಕೆಳಗೆ ವರ್ಷಗಟ್ಟಲೆ ದುಡಿದರು. ವೇದಾಂತಂ ರಾಘವಯ್ಯ ನಿರ್ದೇಶಿಸಿದ 1953ರ ತೆಲುಗು 'ದೇವದಾಸು' ಚಿತ್ರದ ಛಾಯಾಗ್ರಹಣ ಅವರದು. ಅಕ್ಕಿನೇನಿ ನಾಗೇಶ್ವರರಾವ್ ಅವರಿಗೆ ಹೆಸರು ತಂದ ಚಿತ್ರಗಳಲ್ಲಿ ಅದು ಮುಖ್ಯವಾದದ್ದು. ಅದರ ಮುಂದಿನ ವರ್ಷ, 1954ರಲ್ಲಿ, ರಂಗಾ ತಮ್ಮದೇ ವಿಕ್ರಂ ಪ್ರೊಡಕ್ಷನ್ಸ್ ಮೂಲಕ 'ಮಾ ಗೋಪಿ' ಎಂಬ ತೆಲುಗು ಚಿತ್ರ ತೆಗೆದರು. ಕಲಾ ಛಾಯಾಚಿತ್ರ ತೆಗೆಯುತ್ತಿದ್ದ ಹುಡುಗ ಸ್ವಂತ ಸಂಸ್ಥೆಯ ಒಡೆಯನಾಗಲು ಸುಮಾರು ಎರಡು ದಶಕ ಹಿಡಿಯಿತು. ವಿದ್ಯಾರ್ಥಿಗಳು ಗಮನಿಸಬೇಕಾದ ಮೊದಲ ಅಂಶ ಇದೇ.

ಎರಡು ಭಾಷೆಯ ಲೆಕ್ಕ

ಎರಡನೆಯ ಅಂಶ, ಅವರು ನಿರ್ಮಾಪಕರಾಗಿ ಹಾಕಿದ ಲೆಕ್ಕ. 1956ರಲ್ಲಿ ಅವರು ತೆನಾಲಿ ರಾಮಕೃಷ್ಣನ ಕಥೆ ಎತ್ತಿಕೊಂಡಾಗ ಅದನ್ನು ಒಂದೇ ಭಾಷೆಯಲ್ಲಿ ಮಾಡಲಿಲ್ಲ. ತೆಲುಗಿನಲ್ಲಿ ನಾಗೇಶ್ವರರಾವ್, ತಮಿಳಿನಲ್ಲಿ ಶಿವಾಜಿ ಗಣೇಶನ್ ರಾಮಕೃಷ್ಣನಾದರು. ಎರಡರಲ್ಲೂ ಕೃಷ್ಣದೇವರಾಯ ಎನ್.ಟಿ. ರಾಮರಾವ್. ಆಸ್ಥಾನದ ಸೆಟ್ಟು, ಉಡುಪು, ಒಡವೆಗಳಿಗೆ ಒಮ್ಮೆ ಖರ್ಚು ಮಾಡಿದರೆ ಚಿತ್ರ ಎರಡು, ಮಾರುಕಟ್ಟೆ ಎರಡು. ಕಲೆಗೂ ಕಾಸಿಗೂ ಜಗಳವಿಲ್ಲದಂತೆ ನೋಡಿಕೊಳ್ಳುವುದೇ ನಿರ್ಮಾಪಕನ ಕಸುಬು. 1959ರಲ್ಲಿ ರಾಜ್‌ಕುಮಾರ್ ಅವರ 'ಮಹಿಷಾಸುರ ಮರ್ದಿನಿ' ಮಾಡಿದಾಗಲೂ ಅದು ಡಬ್ ಆಗಿ ಬೇರೆ ಭಾಷೆಗಳನ್ನು ತಲುಪಿತು.

1964ರಲ್ಲಿ ಬಂದದ್ದು 'ಅಮರಶಿಲ್ಪಿ ಜಕಣಾಚಾರಿ'. ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ. ಕಲ್ಯಾಣ್‌ಕುಮಾರ್ ಮತ್ತು ಬಿ. ಸರೋಜಾದೇವಿ ಮುಖ್ಯ ಪಾತ್ರದಲ್ಲಿದ್ದರು. ಆಗ ಬಣ್ಣದ ಫಿಲಂ ವಿದೇಶದಿಂದಲೇ ಬರಬೇಕು, ಬೆಲೆ ಹೆಚ್ಚು, ಕಪ್ಪುಬಿಳುಪಿಗಿಂತ ಹೆಚ್ಚು ಬೆಳಕು ಬೇಕು. ಕನ್ನಡದ ಮಾರುಕಟ್ಟೆಯಾದರೋ ಚಿಕ್ಕದು. ರಂಗಾ ಇಲ್ಲೂ ಹಳೆಯ ಲೆಕ್ಕವನ್ನೇ ಹೂಡಿದರು. ಅದೇ ವರ್ಷ ತೆಲುಗಿನಲ್ಲಿ ನಾಗೇಶ್ವರರಾವ್ ನಾಯಕರಾಗಿ ಇದೇ ಕಥೆ 'ಅಮರಶಿಲ್ಪಿ ಜಕ್ಕನ್ನ' ಆಯಿತು. ನಾಯಕಿ ಅಲ್ಲೂ ಸರೋಜಾದೇವಿ. ಕನ್ನಡಕ್ಕೆ ಬಣ್ಣ ಬಂದದ್ದು ಹೀಗೆ, ಕಲಾವಿದನ ಆಸೆ ಮತ್ತು ವ್ಯಾಪಾರಿಯ ಲೆಕ್ಕ ಒಬ್ಬನೇ ಮನುಷ್ಯನಲ್ಲಿ ಕೂಡಿದ್ದರಿಂದ.

ಆ ಕಥೆಯೂ ತುಮಕೂರು ಜಿಲ್ಲೆಯದೇ. ಜಕಣಾಚಾರಿ ಇತಿಹಾಸಕ್ಕಿಂತ ಐತಿಹ್ಯದ ವ್ಯಕ್ತಿ. ತುಮಕೂರಿನ ಬಳಿ ಗೂಳೂರಿನ ಪಕ್ಕದ ಕೈದಾಳ ಅವನ ಊರೆಂದು ಜನ ನಂಬುತ್ತಾರೆ. ಬೇಲೂರಿನಲ್ಲಿ ಅವನು ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ತರುಣನೊಬ್ಬ ತೋರಿಸಿಕೊಟ್ಟ. ಒಳಗಿಂದ ಕಪ್ಪೆ ಹೊರಬಂತು. ಶಿಲ್ಪಿ ತನ್ನ ಕೈಯನ್ನೇ ಕಡಿದುಕೊಂಡ. ಆ ತರುಣ ಅವನ ಮಗನೇ ಆಗಿದ್ದ. ಮುಂದೆ ಕೈದಾಳದಲ್ಲಿ ಚನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತು ಎಂಬುದು ಕಥೆ. ಕಲೆ ಕಲಿಯುವವರಿಗೆ ಇದರಲ್ಲೊಂದು ಪಾಠವಿದೆ. ಎಷ್ಟೇ ಹೆಸರು ಮಾಡಿದ್ದರೂ ಕಲ್ಲಿನಲ್ಲಿ ಕಪ್ಪೆ ಇರಬಹುದು, ಅದನ್ನು ತೋರಿಸುವವನು ತನಗಿಂತ ಕಿರಿಯನಾಗಿರಬಹುದು.

ಮದರಾಸಿನಲ್ಲಿ ವಿಕ್ರಂ ಸ್ಟುಡಿಯೋದ ಒಡೆಯರಾಗಿ, ಕನ್ನಡ, ತೆಲುಗು, ತಮಿಳು ಮೂರರಲ್ಲೂ ಚಿತ್ರಗಳನ್ನು ಕೊಟ್ಟ ರಂಗಾ 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಸ್ವಂತ ಹೆಸರಿನಲ್ಲಿ ಹಣ ಹೂಡುವ ಹೊತ್ತಿಗೆ ಬೆಳಕು, ಫಿಲಂ, ಸೆಟ್ಟು, ನಟರ ಸ್ವಭಾವ, ಒಂದು ದಿನದ ಚಿತ್ರೀಕರಣ ನಿಂತರೆ ಆಗುವ ನಷ್ಟ ಎಲ್ಲವನ್ನೂ ಬೇರೆಯವರ ಸಂಬಳದಲ್ಲಿ ಕಲಿತಿದ್ದರು. ನಮ್ಮ ಕಡೆ ತೋಟ ಕಳೆದುಕೊಂಡವರ ಕಥೆಗಳಲ್ಲಿ ಸಾಮಾನ್ಯವಾಗಿ ಈ ಕ್ರಮ ತಲೆಕೆಳಗಾಗಿರುತ್ತದೆ. ಹಣ ಮೊದಲು ಹೋಗಿರುತ್ತದೆ, ಕಲಿಕೆ ಆಮೇಲೆ ಬಂದಿರುತ್ತದೆ.

ಕಣ್ಣು ಪಳಗಲು ಊರು ಸಾಕು

ಹಾಗಾದರೆ ಪಿಯುಸಿ ಓದುತ್ತಿರುವ ಹುಡುಗ ಅಥವಾ ಹುಡುಗಿ ಇಂದು ಏನು ಮಾಡಬಹುದು? ಮೊದಲನೆಯದಾಗಿ, ದುಬಾರಿ ಕ್ಯಾಮೆರಾಕ್ಕೆ ಹಟ ಹಿಡಿಯುವ ಅಗತ್ಯವಿಲ್ಲ. ಮನೆಯ ಮೊಬೈಲೋ, ಯಾರೋ ಬಳಸಿ ಬಿಟ್ಟ ಹಳೆಯ ಕ್ಯಾಮೆರಾವೋ ಒಂದೆರಡು ವರ್ಷಕ್ಕೆ ಸಾಕು. ಬೇಕಾದದ್ದು ಒಂದೇ ವಿಷಯವನ್ನು ಬಿಡದೆ ಹಿಂಬಾಲಿಸುವ ಛಲ.

ವಿಷಯಕ್ಕೆ ದಬ್ಬೇಘಟ್ಟದ ಸುತ್ತ ಬರವಿಲ್ಲ. ತುರುವೇಕೆರೆಯಲ್ಲೇ ಹೊಯ್ಸಳರ ಕಾಲದ ಗುಡಿಗಳಿವೆ, ಕನ್ನಡಿಯಂತೆ ನುಣುಪಾದ ಕರಿಯ ನಂದಿ ಇದೆ. ನಾಗಲಾಪುರದಲ್ಲಿ ಕೇದಾರೇಶ್ವರ, ಚನ್ನಕೇಶವ ಗುಡಿಗಳಿವೆ. ತಿಪಟೂರು ಕಡೆ ಅರಳಗುಪ್ಪೆ, ವಿಘ್ನಸಂತೆ ಇವೆ. ಬಳಪದ ಕಲ್ಲಿನ ಕೆತ್ತನೆ ನಡುಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಅದೇ ಕಲ್ಲು ಎದ್ದು ಬರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ವಾಕ್ಯ. ಒಂದೇ ಗೋಡೆಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಂದರಂತೆ ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರೆ ಜೀವಮಾನದ ಪಾಠ. ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡು, ದೀಪ ಬಳಸಲು ಅನುಮತಿ ಬೇಕಾಗುತ್ತದೆ ಎಂಬುದೂ ನೆನಪಿರಲಿ.

ಗುಡಿಯೇ ಆಗಬೇಕೆಂದಿಲ್ಲ. ತೆಂಗಿನ ಗರಿಗಳ ನಡುವೆ ಬೀಳುವ ಬೆಳಕು ಗಾಳಿ ಬೀಸಿದಂತೆಲ್ಲ ಬದಲಾಗುತ್ತದೆ. ಕಾಯಿ ಕೀಳುವವರು, ಸುಲಿಯುವವರು, ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವ ಕಾಯಿಗಳು, ತಿಪಟೂರು ಮಾರುಕಟ್ಟೆಯ ಹರಾಜಿನ ದಿನ ರೈತನ ಮುಖ - ಇದಿಷ್ಟನ್ನೇ ಒಂದು ವರ್ಷ ತೆಗೆದರೆ ಹನ್ನೆರಡು ಒಳ್ಳೆಯ ಚಿತ್ರಗಳ ಮಾಲಿಕೆ ಆದೀತು. ಹೊರಗಿನಿಂದ ಒಂದು ದಿನಕ್ಕೆ ಬಂದು ಹೋಗುವ ನಿಪುಣನಿಗೆ ಇದು ಸಿಗುವುದಿಲ್ಲ. ತೆಗೆದವುಗಳಲ್ಲಿ ಒಳ್ಳೆಯದನ್ನು ಮುದ್ರಿಸಿ ಗೋಡೆಗೆ ಅಂಟಿಸಬೇಕು. ತಿಂಗಳು ಕಳೆದ ಮೇಲೂ ಅದು ಒಳ್ಳೆಯದೆಂದು ತೋರಿದರೆ ಉಳಿಸಿಕೊಳ್ಳಬೇಕು, ಇಲ್ಲವೇ ತೆಗೆದುಹಾಕಬೇಕು.

ದೋಷ ತೋರಿಸುವವರನ್ನು ಹುಡುಕಿಕೊಂಡು ಹೋಗುವುದೂ ಕಲಿಕೆಯೇ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಬಹು ಕಾಲದಿಂದ ಈ ಕೆಲಸ ಮಾಡುತ್ತಿವೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಬೆಳೆದದ್ದು ಬೆಂಗಳೂರಿನ ಇಂಥ ಹವ್ಯಾಸಿಗಳ ಬಳಗದಲ್ಲಿ.

ಎಲ್ಲಿ ಓದುವುದು?

ಶಾಸ್ತ್ರೀಯ ಶಿಕ್ಷಣಕ್ಕೂ ದಾರಿಗಳಿವೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಚಲನಚಿತ್ರ ಛಾಯಾಗ್ರಹಣದ ಶಿಕ್ಷಣ ಆರಂಭವಾಗಿತ್ತು. ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು ಮೈಸೂರಿನ ವಿ.ಕೆ. ಮೂರ್ತಿ. ಗುರುದತ್ ಅವರ 'ಪ್ಯಾಸಾ' (1957) ಹಾಗೂ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' (1959) ಅವರ ಕೈಕೆಲಸ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪಾಲಿಟೆಕ್ನಿಕ್ ಪರಂಪರೆಯೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಗೆ ಬಂದಿದೆ. ಅಲ್ಲಿ ಛಾಯಾಗ್ರಹಣ, ಧ್ವನಿಗ್ರಹಣದ ಡಿಪ್ಲೊಮಾ ಇವೆ. ಸರ್ಕಾರಿ ಸಂಸ್ಥೆಯಾದ್ದರಿಂದ ಶುಲ್ಕ ಖಾಸಗಿ ಸಂಸ್ಥೆಗಳಷ್ಟು ಹೊರೆಯಾಗದು.

ಸ್ಥಿರ ಛಾಯಾಚಿತ್ರದತ್ತ ಒಲವಿರುವವರು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾದಲ್ಲಿ ವಿಚಾರಿಸಬಹುದು. ಪುಣೆಯ ಚಲನಚಿತ್ರ ಸಂಸ್ಥೆ 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಅಂಗಳದಲ್ಲಿ ಆರಂಭವಾಯಿತು. ಅಲ್ಲಿನ ಮೂರು ವರ್ಷದ ಛಾಯಾಗ್ರಹಣ, ನಿರ್ದೇಶನದ ಶಿಕ್ಷಣಕ್ಕೆ ಯಾವುದಾದರೊಂದು ಪದವಿ ಆಗಿರಬೇಕು, ಪ್ರವೇಶ ಪರೀಕ್ಷೆ ಗೆಲ್ಲಬೇಕು. ಆದ್ದರಿಂದ ತಿಪಟೂರಿನಲ್ಲೋ ತುಮಕೂರಿನಲ್ಲೋ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಮುಗಿಸುವುದು ಈ ದಾರಿಗೆ ಅಡ್ಡಿಯಲ್ಲ, ಮೆಟ್ಟಿಲು. ಬಿ.ಕಾಂ. ಓದಿದವನಿಗೆ ಮುಂದೆ ನಿರ್ಮಾಪಕನ ಲೆಕ್ಕ ಇನ್ನೂ ಚೆನ್ನಾಗಿ ಅರ್ಥವಾದೀತು. ಅರ್ಹತೆ, ವಯೋಮಿತಿ, ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು.

ಹೊಟ್ಟೆಪಾಡಿನ ಮಾತು

ಕಲಾ ಛಾಯಾಚಿತ್ರವೊಂದರಿಂದಲೇ ಸಂಸಾರ ನಡೆಸುವವರು ಬೆರಳೆಣಿಕೆಯಷ್ಟು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಹೆಚ್ಚಿನವರು ಮದುವೆ, ಜಾಹೀರಾತು, ಕಟ್ಟಡ, ಪತ್ರಿಕೆ, ಪಾಠ ಹೇಳುವುದು ಹೀಗೆ ಒಂದು ಕೈಯಲ್ಲಿ ದುಡಿದು ಇನ್ನೊಂದು ಕೈಯಲ್ಲಿ ತಮ್ಮ ಕೆಲಸ ಮಾಡುತ್ತಾರೆ. ಮದುವೆ ಫೋಟೋ ತೆಗೆಯುವುದು ಕೀಳು ಕೆಲಸವೆಂಬ ಭಾವನೆ ಬೇಡ. ಗಡಿಬಿಡಿಯಲ್ಲಿ, ಕೆಟ್ಟ ಬೆಳಕಿನಲ್ಲಿ, ಎರಡನೆಯ ಅವಕಾಶವಿಲ್ಲದೆ ಚಿತ್ರ ಹಿಡಿಯುವುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಶಾಲೆ ಇಲ್ಲ.

ನಿರ್ಮಾಣದ ಮಾತಿಗೆ ಬಂದರೆ ಊರಿನ ಬಡ್ಡಿ ಲೆಕ್ಕವನ್ನೇ ಹಾಕಿ ನೋಡಬಹುದು. ತೋಟದ ಮೇಲೆ 10 ಲಕ್ಷ ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 20 ಸಾವಿರ. ಚಿತ್ರ ಮುಗಿದು ತೆರೆಗೆ ಬರಲು ಒಂದೂವರೆ ವರ್ಷವಾದರೆ ಬಡ್ಡಿಯೇ 3 ಲಕ್ಷ 60 ಸಾವಿರ. ಅಷ್ಟರಲ್ಲಿ ಒಂದು ರೂಪಾಯಿಯೂ ಬಂದಿರುವುದಿಲ್ಲ. ರಾಜ್ಯ ಸರ್ಕಾರ ಆಯ್ದ ಚಿತ್ರಗಳಿಗೆ ಸಹಾಯಧನ ಕೊಡುವುದು ನಿಜ. ಆದರೆ ಅದು ಚಿತ್ರ ಮುಗಿದು, ಸೆನ್ಸಾರ್ ಪ್ರಮಾಣಪತ್ರ ಸಿಕ್ಕಿ, ಆಯ್ಕೆ ಸಮಿತಿ ಒಪ್ಪಿದ ನಂತರದ ಮಾತು. ಅದನ್ನು ನಂಬಿ ಸಾಲ ಮಾಡುವುದೆಂದರೆ ಬಾರದ ಮಳೆ ನಂಬಿ ಬಿತ್ತಿದ ಹಾಗೆ.

ಹಾಗೆಂದು ನಿರ್ಮಾಪಕನಾಗುವ ಆಸೆಯನ್ನು ಕೈಬಿಡಬೇಕಿಲ್ಲ. ಆರಂಭ ಚಿಕ್ಕದಾಗಿರಲಿ. ಹತ್ತು ನಿಮಿಷದ ಸಾಕ್ಷ್ಯಚಿತ್ರಕ್ಕೂ ಅನುಮತಿ ಬೇಕು, ಖರ್ಚಿನ ಪಟ್ಟಿ ಬೇಕು, ಕೆಲಸ ಮಾಡಿದವರಿಗೆ ಹೇಳಿದ ದಿನ ಹಣ ಕೊಡಬೇಕು. ಅದನ್ನು ನಿಭಾಯಿಸಿದವನಿಗೆ ದೊಡ್ಡದನ್ನು ನಿಭಾಯಿಸಲು ಬಂದೀತು. ಮೈಸೂರಿನ ಕೃಪಾಕರ ಮತ್ತು ಸೇನಾನಿ ವನ್ಯಜೀವಿಗಳ ಸ್ಥಿರಚಿತ್ರ ತೆಗೆಯುತ್ತ ವರ್ಷಗಟ್ಟಲೆ ಕಾಡುನಾಯಿಗಳ ಹಿಂದೆ ಅಲೆದು, ಆಮೇಲೆ ಅವುಗಳ ಸಾಕ್ಷ್ಯಚಿತ್ರ ಮಾಡಿದರು. 2010ರಲ್ಲಿ ಅವರಿಗೆ ಸಿಕ್ಕ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿಯನ್ನು ಜನ ಹಸಿರು ಆಸ್ಕರ್ ಎನ್ನುತ್ತಾರೆ. ಅಲ್ಲೂ ಕ್ರಮ ಅದೇ. ಕಣ್ಣು ಮೊದಲು, ವಿಷಯದ ಆಳವಾದ ತಿಳಿವಳಿಕೆ ಆಮೇಲೆ, ದೊಡ್ಡ ನಿರ್ಮಾಣ ಕೊನೆಗೆ.

ತೋಟದವರಿಗೆ ತಿಳಿದ ಲೆಕ್ಕ

ಮನೆಯಲ್ಲಿ ಈ ವಿಷಯ ಎದ್ದಾಗ 'ಆಗಲ್ಲ' ಎಂಬ ಒಂದು ಮಾತಿನಿಂದ ಮುಗಿಸುವ ಬದಲು ಒಂದು ಒಪ್ಪಂದಕ್ಕೆ ಬರುವುದು ಲೇಸು. ಪದವಿ ಅಥವಾ ಡಿಪ್ಲೊಮಾದ ಖರ್ಚು ಮನೆಯದು. ಕ್ಯಾಮೆರಾದ ಖರ್ಚಿನಲ್ಲಿ ಅರ್ಧವನ್ನಾದರೂ ಮಕ್ಕಳೇ ದುಡಿದು ಹೊಂದಿಸಬೇಕು. ಓದು ಮುಗಿದ ಮೇಲೆ ಐದು ವರ್ಷ ಬೇರೆಯವರ ಕೈಕೆಳಗೆ ಕೆಲಸ ಮಾಡಲು ಬಿಡಬೇಕು, 'ಇನ್ನೂ ಹೆಸರು ಬರಲಿಲ್ಲವೇ' ಎಂದು ಹಬ್ಬಕ್ಕೆ ಬಂದಾಗಲೆಲ್ಲ ಚುಚ್ಚಬಾರದು. ತೋಟದ ಪತ್ರ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರಕೂಡದು. ಬೇರೆಯವರು ತನ್ನನ್ನು ನಂಬಿ ಹಣ ಹೂಡುವ ಮಟ್ಟಕ್ಕೆ ಬಂದ ದಿನವೇ ಮಗ ಅಥವಾ ಮಗಳು ನಿರ್ಮಾಪಕರಾಗಲು ತಯಾರಾದ ದಿನ ಎಂಬುದನ್ನು ಇಬ್ಬರೂ ಒಪ್ಪಿಕೊಳ್ಳಬೇಕು.

ತಿಪಟೂರು ಸೀಮೆಯ ನಾಟಿ ತೆಂಗಿನ ಸಸಿ ನೆಟ್ಟವರು ಮೊದಲ ಹೊಂಬಾಳೆಗೆ ಆರೇಳು ವರ್ಷ ಕಾಯುತ್ತಾರೆ. ಆ ಆರೇಳು ವರ್ಷ ನೀರು ಹೊತ್ತು ಹಾಕುತ್ತಾರೆಯೇ ಹೊರತು ಸಸಿಯನ್ನು ಬಯ್ಯುವುದಿಲ್ಲ. ಹಾಗೆಯೇ ಸಸಿ ನೆಟ್ಟ ಮರುದಿನ ಕಾಯಿಯ ಲೆಕ್ಕ ಹಿಡಿದು ಸಾಲವನ್ನೂ ಮಾಡುವುದಿಲ್ಲ. ದಬ್ಬೇಘಟ್ಟದ ತಂದೆತಾಯಿಗೆ ಈ ಲೆಕ್ಕವನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕ್ಯಾಮೆರಾ ಹಿಡಿಯಹೊರಟ ಮಕ್ಕಳಿಗೆ ಅದನ್ನು ಹೇಳಿಕೊಟ್ಟರೆ ಸಾಕು.